ಬಾಸ್ ತಪ್ಪು ಗೋಡೆ ಕೊರೀತಾರಾ?

ಇಬ್ಬರು ದೊಡ್ಡ ಸ್ಟಾರ್‌ಗಳು ಸೇರಿ ಒಂದು ಕ್ರೈಮ್ ಕಾಮಿಡಿ ಮಾಡ್ತಾರಂತೆ ಅಂತ ಸುದ್ದಿ ಬಂದ ದಿನವೇ, ಅದರಲ್ಲಿ ಕ್ರೈಮೂ ಇರಲ್ಲ ಕಾಮಿಡಿಯೂ ಇರಲ್ಲ ಅಂತ ಗಾಂಧಿನಗರದ ಟೀ ಅಂಗಡಿಯವನಿಗೂ ಗೊತ್ತಾಗಿರುತ್ತದೆ. ಗೊತ್ತಿಲ್ಲದವನು ಒಬ್ಬನೇ. ಡೈರೆಕ್ಟರ್.

ಹೆಸರುಗಳು ಬೇಡ. ಹೇಳಲು ಹೋದರೆ ನಾಳೆ ಬೆಳಗ್ಗೆ ನನ್ನ ಮೊಬೈಲಿನಲ್ಲಿ ನನ್ನ ವಂಶಾವಳಿಯೆಲ್ಲ ಓದಬೇಕಾಗುತ್ತದೆ. ಅಲ್ಲಲ್ಲಿ ನಡೆಯುವುದನ್ನೆಲ್ಲ ಸೇರಿಸಿ ಒಂದೇ ಸಿನಿಮಾ ಅಂತ ಇಟ್ಟುಕೊಳ್ಳಿ. ಸಿನಿಮಾದವರೂ ಕಥೆ ಮಾಡುವುದು ಹಾಗೇ ಅಲ್ವಾ?

ಡೈರೆಕ್ಟರ್ ಬರೆದುಕೊಂಡು ಬಂದ ಕಥೆ ಚೆನ್ನಾಗೇ ಇತ್ತು. ಮದ್ದೂರಿನ ಇಬ್ಬರು ಚಿಲ್ಲರೆ ಕಳ್ಳರು. ಒಬ್ಬ ಬೋರ್‌ವೆಲ್ ಲಾರಿಯಲ್ಲಿ ದುಡಿದವನು, ಇನ್ನೊಬ್ಬ ಗಾರೆ ಕೆಲಸದವನು. ಸೊಸೈಟಿ ಬ್ಯಾಂಕಿನಲ್ಲಿ ಊರವರು ಅಡವಿಟ್ಟ ಚಿನ್ನಕ್ಕೆ ಕಣ್ಣು ಹಾಕಿ ರಾತ್ರಿಯಿಡೀ ಗೋಡೆ ಕೊರೆಯುತ್ತಾರೆ. ಬೆಳಗಿನ ಜಾವ ತೂತಿನಲ್ಲಿ ತಲೆ ತೂರಿಸಿ ನೋಡಿದರೆ ಅದು ಬ್ಯಾಂಕಲ್ಲ, ಪಕ್ಕದ ಪೊಲೀಸ್ ಸ್ಟೇಷನ್. ಲುಂಗಿ ಉಟ್ಟು ಬೆಂಚಿನ ಮೇಲೆ ಮಲಗಿದ್ದ ಪೇದೆ ಅರ್ಧ ಕಣ್ಣು ಬಿಟ್ಟು, "ಟೀ ತಂದ್ಯೇನೋ?" ಅನ್ನುತ್ತಾನೆ. ಇವರು ಟೀ ತರಲು ಹೋಗುತ್ತಾರೆ. ಅಲ್ಲಿಂದ ಕಥೆ ಓಡುತ್ತದೆ.

ಪ್ರೊಡ್ಯೂಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊದಲ ಸ್ಟಾರೂ ನಕ್ಕರು. ಅವರ ಮ್ಯಾನೇಜರ್ ಮಾತ್ರ ನಗಲಿಲ್ಲ.

"ಡೈರೆಕ್ಟ್ರೇ, ಒಂದು ಡೌಟು. ಬಾಸ್ ತಪ್ಪು ಗೋಡೆ ಕೊರೀತಾರಾ?"

"ಸಾರ್, ಕಾಮಿಡಿ ಇರೋದೇ ಅಲ್ಲಿ."

"ಕಾಮಿಡಿ ಇರ್ಲಿ, ಬೇಡ ಅಂದೋರ್ಯಾರು? ಆದ್ರೆ ಬಾಸ್ ಕೊರೆದ್ರೆ ಸರಿಯಾದ ಗೋಡೆನೇ ಕೊರೀಬೇಕು. ಇಲ್ಲಾಂದ್ರೆ ಫ್ಯಾನ್ಸ್ ಒಪ್ಪಲ್ಲ."

ಡೈರೆಕ್ಟರ್ ಒಂದು ವಾರ ತಲೆ ಕೆಡಿಸಿಕೊಂಡು ಹೊಸ ವರ್ಷನ್ ತಂದರು. ಈಗ ಬಾಸ್‌ಗೆ ಅದು ಪೊಲೀಸ್ ಸ್ಟೇಷನ್ ಅಂತ ಮೊದಲೇ ಗೊತ್ತು. ಬಡ ರೈತರ ಮೇಲೆ ಹಾಕಿರುವ ಸುಳ್ಳು ಕೇಸಿನ ಫೈಲು ಸುಡಲು ಬೇಕಂತಲೇ ಆ ಗೋಡೆ ಕೊರೆದಿದ್ದಾರೆ. ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಸುದ್ದಿ ಎರಡನೇ ಸ್ಟಾರ್ ಕಡೆಯವರಿಗೆ ಮುಟ್ಟಿತು. "ಹಾಗಾದ್ರೆ ನಮ್ಮಣ್ಣಂಗೆ ಗೊತ್ತಿರ್ಲಿಲ್ವಾ? ಅವರೇನು ಪೆದ್ದರಾ?" ಸರಿ, ಅಣ್ಣನಿಗೂ ಗೊತ್ತು ಅಂತಾಯಿತು. ಇಬ್ಬರಿಗೂ ಗೊತ್ತು, ಒಬ್ಬರಿಗೊಬ್ಬರು ಹೇಳಿಲ್ಲ, ಇಬ್ಬರೂ ಬೇಕಂತಲೇ ತಪ್ಪು ಗೋಡೆ ಕೊರೆದಿದ್ದಾರೆ. ಹಾಗಿದ್ದರೆ ಈ ಕಥೆಯಲ್ಲಿ ಪೆದ್ದ ಯಾರು? ಪೇದೆಯನ್ನು ಪೆದ್ದ ಮಾಡಿದರೆ ಇಲಾಖೆಯವರು ಬೇಜಾರು ಮಾಡಿಕೊಳ್ಳುತ್ತಾರೆ ಅಂದರು ಪ್ರೊಡ್ಯೂಸರ್, ಬಂದೋಬಸ್ತಿಗೆ ಅವರೇ ಬೇಕಲ್ಲ. ಕೊನೆಗೆ ತಪ್ಪನ್ನು ಗೋಡೆಯ ತಲೆಗೇ ಕಟ್ಟಿದರು. ವಿಲನ್ ರಾತ್ರೋರಾತ್ರಿ ಎರಡೂ ಕಟ್ಟಡಗಳ ಬೋರ್ಡು ಅದಲು ಬದಲು ಮಾಡಿರುತ್ತಾನೆ. ಅದೂ ಇವರಿಬ್ಬರಿಗೂ ಗೊತ್ತಿರುತ್ತದೆ.

ಇಷ್ಟಾದ ಮೇಲೆ ಬಂತು ನೋಡಿ ದೊಡ್ಡ ಪ್ರಶ್ನೆ. ಬಾಸ್ ಕಳ್ಳತನ ಯಾಕೆ ಮಾಡಬೇಕು? ಕಳ್ಳ ಆದ್ದರಿಂದ, ಅಂದರು ಡೈರೆಕ್ಟರ್. ಕೋಣೆಯಲ್ಲಿದ್ದವರೆಲ್ಲ ಅವರನ್ನು ಒಂಥರಾ ನೋಡಿದರು. ಸೋರುತ್ತಿರುವ ಸರ್ಕಾರಿ ಶಾಲೆಗೆ ಸೂರು ಹಾಕಿಸಲು ಒಬ್ಬ ಸ್ಟಾರ್, ತಾಯಿಯ ಆಪರೇಷನ್ನಿಗೆ ಇನ್ನೊಬ್ಬ ಸ್ಟಾರ್ ಅಂತ ಹಂಚಿಕೊಟ್ಟರು. ತಾಯಿ ತಮಗೇ ಬೇಕು ಅಂತ ಮೊದಲನೆಯವರ ಕಡೆಯಿಂದ ಸಣ್ಣ ಗಲಾಟೆಯಾಯಿತು. ಈಗ ಇಬ್ಬರಿಗೂ ಒಬ್ಬಳೇ ತಾಯಿ. ಅಲ್ಲಿಗೆ ಕ್ರೈಮ್ ಮುಗಿಯಿತು, ಕಾಮಿಡಿ ಆಗಲೇ ಮುಗಿದಿತ್ತು, ಸೆಂಟಿಮೆಂಟ್ ಶುರುವಾಯಿತು.

ನನಗೆ ತಿಳಿದ ಮಟ್ಟಿಗೆ ಕ್ರೈಮ್ ಕಾಮಿಡಿ ಓಡುವುದೇ ದಡ್ಡತನದ ಮೇಲೆ. ಪ್ಲಾನು ಕೈ ಕೊಡಬೇಕು, ಕಳ್ಳ ಸಿಕ್ಕಿಹಾಕಿಕೊಳ್ಳಬೇಕು, ಸುಳ್ಳಿಗೆ ಸುಳ್ಳು ಸೇರಿಸಿ ಒದ್ದಾಡಬೇಕು, ನಡುವೆ ಮನೆ ಓನರ್ ಆಂಟಿಯಿಂದ ಒಂದು ಏಟೂ ಬೀಳಬೇಕು. ನಮ್ಮಲ್ಲಿ ಸ್ಟಾರ್‌ಗೆ ಕೋಟಿಗಟ್ಟಲೆ ಕೊಡುವುದೇ ಇದ್ಯಾವುದೂ ಅವರಿಗೆ ಆಗದಂತೆ ನೋಡಿಕೊಳ್ಳಲು. ಹೊಸಬರ ಸಿನಿಮಾದಲ್ಲಿ ನಗು ಬರುತ್ತದೆ ಅಂದರೆ ಅವರೇನು ಮಹಾ ಪ್ರತಿಭಾವಂತರು ಅಂತಲ್ಲ. ಅವರ ಕೆನ್ನೆಗೆ ಅಭಿಮಾನಿ ಸಂಘ ಇರಲ್ಲ, ಅಷ್ಟೇ. ಈ ಸಿನಿಮಾದ ಏಟುಗಳನ್ನೆಲ್ಲ ತಿನ್ನಲು ಒಬ್ಬ ಕಾಮಿಡಿ ನಟನನ್ನು ದಿನದ ಲೆಕ್ಕದಲ್ಲಿ ಕರೆಸಿದರು. ಪಾಪ, ಆಂಟಿಯ ಏಟೂ ಅವನಿಗೇ.

ಬಂಡೆ ಮಹಾಕಾಳಿ ದೇವಸ್ಥಾನದಲ್ಲಿ ಮುಹೂರ್ತವಾಯಿತು. ಒಬ್ಬರು ಕ್ಲಾಪ್ ಮಾಡಿದರು, ಒಬ್ಬರು ಕ್ಯಾಮೆರಾ ಆನ್ ಮಾಡಿದರು, ಇಬ್ಬರೂ ಸ್ಟಾರ್‌ಗಳು "ಇದು ತುಂಬಾ ವಿಭಿನ್ನವಾದ ಕಥೆ" ಅಂದರು. ಹಾಗೆ ಹೇಳಿದಾಗ ಕಥೆ ಇನ್ನೂ ಚರ್ಚೆಯಲ್ಲಿತ್ತು. ಪೋಸ್ಟರಿನಲ್ಲಿ ಯಾರ ಹೆಸರು ಮೊದಲು ಅನ್ನುವುದಕ್ಕೆ ಕಥೆಗಿಂತ ಜಾಸ್ತಿ ದಿನ ಹಿಡಿಯಿತು. ಎಡಗಡೆಯವರ ಹೆಸರು ಸ್ವಲ್ಪ ಕೆಳಗೆ, ಬಲಗಡೆಯವರದು ಸ್ವಲ್ಪ ಮೇಲೆ. ಎಡದಿಂದ ಓದಿದರೆ ಇವರು ಮೊದಲು, ಮೇಲಿಂದ ಓದಿದರೆ ಅವರು ಮೊದಲು. ಸಿನಿಮಾದಲ್ಲಿ ತಲೆ ಓಡಿಸಿದ ಜಾಗ ಅದೊಂದೇ ಅಂತ ನನ್ನ ಅಭಿಪ್ರಾಯ.

ಪ್ಯಾನ್ ಇಂಡಿಯಾ ಅಂದ ಮೇಲೆ ಐದು ಭಾಷೆಗೂ ಹೊಂದುವ ಇಂಗ್ಲಿಷ್ ಟೈಟಲ್, ಅದರ ಮುಂದೆ ಪಾರ್ಟ್ 1 ಇರಲೇಬೇಕು. ಮದ್ದೂರಿನ ಬೀದಿಯನ್ನು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ ಸೆಟ್ ಹಾಕಿದರು. ಬೆಂಗಳೂರಿನಿಂದ ಮದ್ದೂರಿಗೆ ಸುಮಾರು 80 ಕಿಲೋಮೀಟರ್, ಹೈದರಾಬಾದಿಗೆ ಅದರ ಏಳು ಪಟ್ಟು. ನ್ಯಾಚುರಲ್ ಆಗಿರಲಿ ಅಂತ ವಡೆ ಮಾತ್ರ ಮದ್ದೂರಿನಿಂದಲೇ ತರಿಸಿದರು. ವಿಲನ್ ಮುಂಬೈಯಿಂದ ಬಂದರು. ಅವರಿಗೆ ಕನ್ನಡ ಬರಲ್ಲ, ಕಲಿಯಲು ಟೈಮೂ ಇಲ್ಲ. ಹಾಗಾಗಿ ಕೋಪದ ಡೈಲಾಗಿಗೆ ಒಂದರಿಂದ ಇಪ್ಪತ್ತರವರೆಗೆ, ಅಳುವ ಸೀನಿಗೆ ಇಪ್ಪತ್ತೊಂದರಿಂದ ಮೂವತ್ತರವರೆಗೆ ಎಣಿಸಿದರು. ಉಳಿದಿದ್ದನ್ನು ಡಬ್ಬಿಂಗಿನವರು ನೋಡಿಕೊಳ್ಳುತ್ತಾರೆ. ಸೆಟ್ಟಿನಲ್ಲಿ ಎದುರಿಗೆ ನಿಂತಿದ್ದ ನಮ್ಮ ಸ್ಟಾರ್ ಇಪ್ಪತ್ತೇಳಕ್ಕೆ ಕಣ್ಣೀರು ಹಾಕಿದರಂತೆ. ಅದನ್ನು ನಟನೆ ಅನ್ನದೆ ಇರಲಾಗದು.

ಇನ್ನು ಕತ್ತೆಯ ಕಥೆ. ಮೂಲ ಕಥೆಯಲ್ಲಿ ಕದ್ದ ಚಿನ್ನ ಸಾಗಿಸಬೇಕಾದ ವ್ಯಾನು ಸ್ಟಾರ್ಟ್ ಆಗದೆ, ಕಳ್ಳರು ಕತ್ತೆ ಮೇಲೆ ಮೂಟೆ ಹೇರುತ್ತಾರೆ. ಪ್ರಾಣಿಯನ್ನು ಸಿನಿಮಾದಲ್ಲಿ ತೋರಿಸಬೇಕಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕು. ಆ ಮಂಡಳಿಯ ಕಚೇರಿ ಮೊದಲು ಚೆನ್ನೈಯಲ್ಲಿತ್ತು, ಈಗ ಹರಿಯಾಣದ ಬಲ್ಲಭ್‌ಗಢದಲ್ಲಿದೆ. ಕತ್ತೆಯ ಆರೋಗ್ಯಕ್ಕೆ ಪಶುವೈದ್ಯರ ಸರ್ಟಿಫಿಕೇಟ್ ಕೊಡಬೇಕು. ಒಳ್ಳೆಯ ಕಾನೂನೇ, ನಾನು ಕತ್ತೆಯ ಪರ. ಆದರೆ ಇದೇ ಸಿನಿಮಾದಲ್ಲಿ ಬಾಸ್ ಒಂದೇ ಗುದ್ದಿಗೆ ಹದಿನೆಂಟು ಜನರನ್ನು ಬೆಲ್ಲದ ಆಲೆಮನೆಯ ಕೊಪ್ಪರಿಗೆಗೆ ಎಸೆಯುತ್ತಾರಲ್ಲ, ಅವರ ಆರೋಗ್ಯದ ಸರ್ಟಿಫಿಕೇಟನ್ನು ಯಾರೂ ಕೇಳಲಿಲ್ಲ. ಅವರಲ್ಲೊಬ್ಬ ಕೊಪ್ಪರಿಗೆಗೆ ಬೀಳುವ ಮುಂಚೆ ಬೀಡಿ ಹಚ್ಚಿದ್ದ. ಕೂಡಲೇ ಪರದೆಯ ಕೆಳಗೆ ಎಚ್ಚರಿಕೆಯ ಅಕ್ಷರ ಬಂತು. ಬೀಡಿಯಿಂದ ಅವನ ಆರೋಗ್ಯ ಕೆಡುತ್ತದಂತೆ.

ಕತ್ತೆಗೆ ಕಾಯುತ್ತಾ ಕೂತರೆ ಕಾಲ್‌ಶೀಟ್ ಹಾಳು. ಗ್ರಾಫಿಕ್ಸ್ ಕತ್ತೆ ಮಾಡಿಸಿದರು. ಅದರ ಬಿಲ್ಲು ಡೈರೆಕ್ಟರ್ ಸಂಬಳಕ್ಕಿಂತ ಜಾಸ್ತಿಯಾಯಿತು. ಅದು ನಿಜವಾದ ಕತ್ತೆ ಅಲ್ಲ ಅಂತ ಪರದೆಯ ಮೂಲೆಯಲ್ಲಿ ಬರೆದೂ ತೋರಿಸಿದರು. ನೋಡಿದವರಿಗೆ ಅಷ್ಟು ಹೇಳುವ ಅಗತ್ಯ ಇರಲಿಲ್ಲ.

ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆದದ್ದಾಯಿತು. ಸೆನ್ಸಾರಿಗೆ ಹೋಯಿತು. ಹೆತ್ತವರ ಸಲಹೆ ಮೇಲೆ ಮಕ್ಕಳೂ ನೋಡಬಹುದು ಅನ್ನುವ ಯುಎ ಸರ್ಟಿಫಿಕೇಟ್ ಒಳಗೇ ಈಗ 7+, 13+, 16+ ಅಂತ ಮೂರು ಥರ ಇದೆ. ಏಳು ವರ್ಷದ ಮಕ್ಕಳೂ ನೋಡಲಿ ಅಂತ ಪ್ರೊಡ್ಯೂಸರ್ ಆಸೆ. ಆಲೆಮನೆ ನೋಡಿದ ಮೇಲೆ 16+ ಸಿಕ್ಕಿತು. ಕಥೆಯ ಬುದ್ಧಿಮಟ್ಟ ಮಾತ್ರ ಪ್ರೊಡ್ಯೂಸರ್ ಕೇಳಿದ ವಯಸ್ಸಿಗೇ ಸರಿಯಾಗಿತ್ತು.

ಟಿಕೆಟ್ ವಿಷಯ ನಿಮಗೆ ಗೊತ್ತೇ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು, ತೆರಿಗೆ ಬೇರೆ. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಪ್ರೇಕ್ಷಕ ಖುಷಿಪಟ್ಟು ಪರ್ಸ್ ತೆಗೆಯುವಷ್ಟರಲ್ಲಿ ಖುಷಿ ಮುಗಿದಿತ್ತು. ಈ ಸಿನಿಮಾಕ್ಕೆ ಬೆಳಗಿನ ಆರರ ಶೋಗೆ ಸಾವಿರ ರೂಪಾಯಿ ಟಿಕೆಟ್. ಬೆಂಗಳೂರಿನ ಕೆ.ಜಿ. ರಸ್ತೆಯಲ್ಲಿ ಹಳೆಯ ಥಿಯೇಟರುಗಳು ಒಂದೊಂದಾಗಿ ಮುಚ್ಚಿಹೋಗಿವೆ, ಅಲ್ಲೇ ಹತ್ತಿರದ ಕಪಾಲಿ ಥಿಯೇಟರನ್ನು ಕೆಡವಿಯೇ ಬಿಟ್ಟರು. ಉಳಿದ ಚೂರು ಜಾಗದಲ್ಲಿ ಎರಡು ಕಟೌಟ್ ಒಂದೇ ಎತ್ತರಕ್ಕೆ ನಿಲ್ಲಿಸಬೇಕಿತ್ತು. ಒಂದು ಅರ್ಧ ಅಡಿ ಜಾಸ್ತಿಯಾಯಿತು. ಅಭಿಮಾನಿಗಳು ಟೇಪು ಹಿಡಿದು ಅಳೆದರು. ಆ ಜಗಳ ಬಿಡಿಸಲು ಬಂದ ಪೊಲೀಸರನ್ನೂ, ನಡುವೆ ಚೆಲ್ಲಿದ ಹಾಲನ್ನೂ, ಏಣಿ ಮೇಲಿಂದ ಇಳಿಯಲಾಗದೆ ಕೂಗುತ್ತಿದ್ದ ಹುಡುಗನನ್ನೂ ಯಾರೋ ಮೊಬೈಲಿನಲ್ಲಿ ಹಿಡಿದರು. ಮೂಲ ಕಥೆಯಲ್ಲಿ ಇದ್ದದ್ದೆಲ್ಲ ಆ ಎರಡು ನಿಮಿಷದಲ್ಲಿತ್ತು. ಡೈರೆಕ್ಟರ್ ಅದನ್ನು ನೋಡಿ ನಕ್ಕರೋ ಅತ್ತರೋ, ಅವರ ಫೋನು ಅಂದಿನಿಂದ ಸ್ವಿಚ್ ಆಫ್.

ಎರಡನೇ ದಿನವೇ ಸಕ್ಸಸ್ ಮೀಟ್. ಮಳೆ ಇತ್ತು, ಕ್ರಿಕೆಟ್ ಇತ್ತು, ಪೈರಸಿ ಇತ್ತು, ಆದರೂ ಫ್ಯಾಮಿಲಿ ಆಡಿಯೆನ್ಸ್ ಸೋಮವಾರದಿಂದ ಬರ್ತಾರೆ ಅಂದರು. ಪಾರ್ಟ್ 2 ಕೂಡ ಘೋಷಣೆಯಾಯಿತು. ವೇದಿಕೆ ಮೇಲೆ ಕತ್ತೆ ಮಾಡಿಕೊಟ್ಟ ಗ್ರಾಫಿಕ್ಸ್ ಕಂಪನಿಯವರೂ ನಿಂತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ, ಬಾಕಿ ಕೇಳಲು ಬಂದಿದ್ದರು. ಪ್ರೊಡ್ಯೂಸರ್ ಅವರನ್ನು ನೋಡಿದ ಕೂಡಲೇ ಕ್ಯಾಮೆರಾಗಳ ಮುಂದೆ ಎಳೆದುಕೊಂಡು, ಶಾಲು ಹೊದಿಸಿ, ಕೇಕಿನ ಮೊದಲ ತುಂಡನ್ನು ಅವರ ಬಾಯಿಗೇ ಇಟ್ಟರು. ಕೇಕು ಬಾಯಲ್ಲಿದ್ದಾಗ ಮನುಷ್ಯ ದುಡ್ಡು ಕೇಳುವುದು ಹೇಗೆ? ಚೆಕ್ಕು ಮುಂದಿನ ವಾರ ಅಂತೆ.