ಮನೆಯವರನ್ನು ಕರೆಯುವ ಮುಂಚೆ, ಮನೆಯವರನ್ನು ಕೇಳಿ

ವರ್ಷಕ್ಕೆ ಎರಡು ಪೇರೆಂಟ್ಸ್ ಮೀಟಿಂಗ್, ಡೈರಿಯಲ್ಲಿ ಬಂದ ಚೀಟಿಗೆ ಸಹಿ, ವಾರ್ಷಿಕೋತ್ಸವಕ್ಕೆ ಮಗುವಿಗೊಂದು ವೇಷ. ಎಷ್ಟೋ ಶಿಶುವಿಹಾರಗಳಲ್ಲಿ ಪೋಷಕರ ಪಾಲ್ಗೊಳ್ಳುವಿಕೆ ಅಂದರೆ ಇಷ್ಟೇ. ಶಾಲೆ ಹೇಳುತ್ತದೆ, ಮನೆ ತಲೆಯಾಡಿಸುತ್ತದೆ. ಮೂರರಿಂದ ಆರು ವರ್ಷದ ಮಕ್ಕಳ ಮಟ್ಟಿಗೆ ಇದು ಪೂರ್ತಿ ತಲೆಕೆಳಗು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆ ವಯಸ್ಸಿನ ಮಗು ಏನು ಬಲ್ಲದು, ಯಾವುದಕ್ಕೆ ಹೆದರುತ್ತದೆ, ಹೇಗೆ ಸಮಾಧಾನವಾಗುತ್ತದೆ ಅನ್ನುವುದೆಲ್ಲ ಗೊತ್ತಿರುವುದು ಮನೆಯವರಿಗೆ. ಕೇಳಬೇಕಾದವರು ಟೀಚರ್. ಮನೆಯವರು ಹೇಳಿದ ಮಾತಿನಿಂದ ತರಗತಿಯಲ್ಲಿ ಒಂದಾದರೂ ಸಂಗತಿ ಬದಲಾಯಿತೇ ಎಂದು ನೋಡಿ. ಬದಲಾಗದಿದ್ದರೆ ಎಷ್ಟು ಸಭೆ ನಡೆಸಿದರೂ ಅದು ಪಾಲ್ಗೊಳ್ಳುವಿಕೆಯಲ್ಲ.

ಕೆಲಸ ಶುರುವಾಗಬೇಕಾದದ್ದು ಮೊದಲ ಮಾತುಕತೆಯಲ್ಲಿ. ಅಡ್ಮಿಷನ್ ಫಾರ್ಮ್ ತುಂಬಿಸುವ ದಿನ ಅದು ಬೇಡ, ಅವತ್ತು ಎಲ್ಲರಿಗೂ ಗಡಿಬಿಡಿ. ಮಗು ಬರಲು ಶುರುಮಾಡುವ ಮುಂಚೆ ಅಥವಾ ಮೊದಲ ಎರಡು ವಾರದೊಳಗೆ ನಲವತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ನಡುವೆ ಮೇಜು ಇರದಿರಲಿ. "ನಿಮ್ಮ ಸಂಸ್ಕೃತಿ ಹೇಗೆ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಹಬ್ಬದ ಹೆಸರು, ಉಡುಪಿನ ಹೆಸರು ಬರುತ್ತವೆ, ಅವುಗಳಿಂದ ಸೋಮವಾರ ಬೆಳಿಗ್ಗೆ ಅಳುವ ಮಗುವಿಗೆ ಏನೂ ಉಪಯೋಗವಿಲ್ಲ. ಬದಲಿಗೆ "ನಿನ್ನೆ ಎದ್ದಾಗಿನಿಂದ ಮಲಗುವ ತನಕ ಮಗು ಏನೇನು ಮಾಡಿತು, ಹೇಳ್ತೀರಾ?" ಎಂದು ಕೇಳಿ ಸುಮ್ಮನಿರಿ. ಎಬ್ಬಿಸುವವರು ಯಾರು, ಯಾರ ಜೊತೆ ಯಾವ ಮಾತು, ತಾನೇ ಉಣ್ಣುತ್ತದೋ ಇನ್ನೊಬ್ಬರು ಉಣಿಸುತ್ತಾರೋ, ಒಂಟಿಯಾಗಿ ಮಲಗುತ್ತದೋ ಮಗ್ಗುಲಲ್ಲಿ ಯಾರಾದರೂ ಬೇಕೋ, ಮನೆಯ ಯಾವ ಕೆಲಸಕ್ಕೆ ಕೈಜೋಡಿಸುತ್ತದೆ, ಎಲ್ಲವೂ ಆ ಒಂದು ಉತ್ತರದಲ್ಲಿ ಬರುತ್ತದೆ. ಪುಟ್ಟ ಮಗುವಿನ ಪಾಲಿಗೆ ಸಂಸ್ಕೃತಿ ಅಂದರೆ ಇದೇ.

ಆಮೇಲೆ ಎರಡು ಕೆಲಸ ಬಿಡಲೇಬಾರದು. ಮಗುವಿನ ಹೆಸರನ್ನು ಮನೆಯವರ ಬಾಯಲ್ಲಿ ಎರಡು ಸಲ ಹೇಳಿಸಿ, ನೀವೂ ಹೇಳಿ ತಿದ್ದಿಸಿಕೊಳ್ಳಿ. ಹೇಳಲು ಕಷ್ಟವೆಂದು ಮೊಟಕು ಮಾಡಬೇಡಿ. ಎರಡನೆಯದು, ನೀರು, ಉಚ್ಚೆ, ನೋವು, ಭಯ, ಸಾಕು, ಅಮ್ಮ ಬರ್ತಾಳೆ, ಇಂಥ ಎಂಟು ಹತ್ತು ಮಾತುಗಳನ್ನು ಅವರ ಮನೆಮಾತಿನಲ್ಲಿ ಕೇಳಿ ನಿಮಗೆ ಓದಲು ಬರುವ ಲಿಪಿಯಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ತಿಂಗಳಲ್ಲಿ ಬಟ್ಟೆ ಒದ್ದೆಯಾಗುವುದು, ಮೂಲೆಯಲ್ಲಿ ಕೂತು ಅಳುವುದು ಎಷ್ಟೋ ಸಲ ಈ ಮಾತುಗಳು ಟೀಚರಿಗೆ ತಿಳಿಯದೆ ಆಗುವಂಥವು.

ಈಗ ಒಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ನೋಡೋಣ. ಟೀಚರ್ ಕೈಯಲ್ಲಿ ಕೆಂಪು ಚೆಂಡು. "ಇದು ಯಾವ ಬಣ್ಣ?" ಮಗು ಚೆಂಡನ್ನು ನೋಡುತ್ತದೆ, ಟೀಚರ್ ಮುಖ ನೋಡುತ್ತದೆ, ಮಾತಿಲ್ಲ. ಪುಸ್ತಕದಲ್ಲಿ ದಾಖಲಾಗುತ್ತದೆ: ಬಣ್ಣ ಗುರುತಿಸುವುದಿಲ್ಲ. ಆದರೆ ಚೆಂಡು ಕೆಂಪು ಎನ್ನುವುದು ಕೇಳಿದವರಿಗೆ ಕಾಣುತ್ತಲೇ ಇದೆಯಲ್ಲ! ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವುದು ಶಾಲೆಯ ರೂಢಿ, ಎಲ್ಲ ಮನೆಗಳ ರೂಢಿಯಲ್ಲ. ಅಮೆರಿಕದ ಕೆರೊಲಿನಾ ಪ್ರಾಂತ್ಯದ ಸಮುದಾಯಗಳ ನಡುವೆ ವರ್ಷಗಟ್ಟಲೆ ಇದ್ದು ಮಾನವಶಾಸ್ತ್ರಜ್ಞೆ ಶರ್ಲಿ ಬ್ರೈಸ್ ಹೀತ್ 1983ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಕೆಲವು ಮನೆಗಳಲ್ಲಿ ದೊಡ್ಡವರು ಮಕ್ಕಳನ್ನು ಇಂಥ ಪ್ರಶ್ನೆ ಕೇಳುವುದೇ ಅಪರೂಪ, ಅಲ್ಲಿಂದ ಬಂದ ಮಕ್ಕಳು ತರಗತಿಯಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಪರಿಹಾರ ಸುಲಭ. "ಕೆಂಪು ಚೆಂಡನ್ನು ಆ ಬುಟ್ಟಿಗೆ ಹಾಕಿಬಿಡ್ತೀಯಾ?" ಎನ್ನಿ. ನಾಲ್ಕು ಬಣ್ಣದ ಚೆಂಡುಗಳ ನಡುವಿನಿಂದ ಮಗು ಕೆಂಪನ್ನೇ ಎತ್ತಿ ಹಾಕಿದರೆ ಅದಕ್ಕೆ ಬಣ್ಣ ಗೊತ್ತು. ಪ್ರಶ್ನೋತ್ತರದ ಶಾಲಾ ಆಟವನ್ನು ಬೇರೆಯಾಗಿ, ನಿಧಾನವಾಗಿ ಕಲಿಸಬಹುದು.

ಭಾಷೆಯ ವಿಷಯದಲ್ಲಿ ಅತಿ ಹೆಚ್ಚು ಹಾನಿ ಮಾಡುವ ಸಲಹೆ ಒಂದಿದೆ: "ಮನೆಯಲ್ಲೂ ಶಾಲೆಯ ಭಾಷೆಯನ್ನೇ ಮಾತಾಡಿ." ದಯವಿಟ್ಟು ಹೀಗೆ ಹೇಳಬೇಡಿ. ತಮಗೆ ಅರೆಬರೆ ಬರುವ ಭಾಷೆಯಲ್ಲಿ ಮಾತಾಡಲು ಹೊರಟ ತಂದೆತಾಯಿ ಕತೆ ಹೇಳುವುದನ್ನು ಬಿಡುತ್ತಾರೆ, ಮಾತು "ಬಾ, ಕೂರು, ತಿನ್ನು"ವಿಗೆ ಇಳಿಯುತ್ತದೆ. ಅಜ್ಜಿ-ಮೊಮ್ಮಗುವಿನ ಮಾತೇ ನಿಂತುಹೋಗಬಹುದು. ಮನೆಮಾತಿನಲ್ಲಿ ಗಟ್ಟಿಯಾದ ಮಗು ಅಲ್ಲಿ ಕಲಿತದ್ದನ್ನು ಹೊಸ ಭಾಷೆಗೂ ತರುತ್ತದೆ. ಹೊಸ ಭಾಷೆಯ ನಡುವೆ ಬಿದ್ದ ಮಗು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಾಯಿ ಬಿಡದೆ ಇರುವುದೂ ಸಹಜ, ಅದು ಕೇಳುತ್ತಾ ಕಲಿಯುತ್ತಿರುತ್ತದೆ. ಇದು ಮೌನವೋ, ಮಾತಿನ ತೊಂದರೆಯೋ ಎಂದು ತಿಳಿಯಲು ಮನೆಯವರೇ ಬೇಕು. ಮನೆಯಲ್ಲಿ ಮನೆಮಾತಿನಲ್ಲಿ ಸಲೀಸಾಗಿ ಮಾತಾಡುತ್ತದೆ ಎಂದರೆ ಸದ್ಯಕ್ಕೆ ಕಾಯಬಹುದು. ಅಲ್ಲೂ ಮಾತು ತಡವಾಗಿದ್ದರೆ, ಹತ್ತಿರದವರಿಗೂ ಅರ್ಥವಾಗದಿದ್ದರೆ, ಕಾಯದೆ ಕಿವಿ ಮತ್ತು ಮಾತಿನ ಪರೀಕ್ಷೆ ಮಾಡಿಸಬೇಕು.

ಮನೆಭೇಟಿಯ ಬಗ್ಗೆ ಅಳುಕು ಇರುವವರು ಬಹಳ. ಅಮೆರಿಕದ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ಬಡ ಮನೆಗಳ ಮಕ್ಕಳಿಗಾಗಿ ನಡೆದ ಪೆರಿ ಪ್ರಿಸ್ಕೂಲ್ ಪ್ರಯೋಗದ ಫಲಿತಾಂಶವನ್ನು, ಅಂದರೆ ಆ ಮಕ್ಕಳು ದೊಡ್ಡವರಾದ ಮೇಲೂ ಓದು, ದುಡಿಮೆಯಲ್ಲಿ ಮುಂದಿದ್ದರು ಎನ್ನುವುದನ್ನು, ಎಲ್ಲರೂ ಉದಾಹರಿಸುತ್ತಾರೆ. ಅಲ್ಲಿನ ಟೀಚರ್‌ಗಳು ವಾರಕ್ಕೊಮ್ಮೆ ಪ್ರತಿ ಮನೆಗೂ ಹೋಗಿ ಸುಮಾರು ಒಂದೂವರೆ ಗಂಟೆ ತಾಯಿ-ಮಗುವಿನ ಜೊತೆ ಕೂರುತ್ತಿದ್ದರು ಎನ್ನುವುದನ್ನು ಮಾತ್ರ ಮರೆಯುತ್ತಾರೆ. ಅರಿಜೋನಾದ ಟೂಸಾನ್‌ನಲ್ಲಿ ಶಿಕ್ಷಣ ಸಂಶೋಧಕ ಲೂಯಿಸ್ ಮೋಲ್ ಮತ್ತು ಸಂಗಡಿಗರು 1992ರಲ್ಲಿ ವಿವರಿಸಿದ ಕೆಲಸದಲ್ಲಿ ಟೀಚರ್‌ಗಳು ಮೆಕ್ಸಿಕೊ ಮೂಲದ ಬಡ ಕುಟುಂಬಗಳ ಮನೆಗೆ ಹೋದದ್ದು ಕಲಿಸಲಿಕ್ಕಲ್ಲ, ಕಲಿಯಲಿಕ್ಕೆ. ಬೇಸಾಯ, ಕಟ್ಟಡ ಕೆಲಸ, ರಿಪೇರಿ, ವ್ಯಾಪಾರ, ಮನೆಮದ್ದು, ಹೀಗೆ ಆ ಬಡ ಮನೆಗಳಲ್ಲಿದ್ದ ತಿಳಿವಳಿಕೆಯೇ ಪಾಠಕ್ಕೆ ವಸ್ತುವಾಯಿತು.

ಹೋಗುವಾಗ ಮೊದಲೇ ಕೇಳಿ ಹೋಗಿ. ಮನೆಗೆ ಬೇಡವೆಂದರೆ ಅವರು ಹೇಳಿದ ಬೇರೆ ಜಾಗದಲ್ಲಿ ಭೇಟಿಯಾಗಿ, ಕಾರಣ ಕೆದಕಬೇಡಿ. ಮುಕ್ಕಾಲು ಗಂಟೆ ಸಾಕು. ಅಲ್ಲಿ ಪೆನ್ನು ತೆಗೆಯಬೇಡಿ, ಅವತ್ತೇ ಸಂಜೆ ನೆನಪಿನಿಂದ ಬರೆದುಕೊಳ್ಳಿ. ಅಕ್ಕ-ಅಣ್ಣನನ್ನು ದುಭಾಷಿ ಮಾಡಿಕೊಂಡು ಸೂಕ್ಷ್ಮ ವಿಷಯ ಮಾತಾಡಬೇಡಿ, ದೊಡ್ಡವರ ಸಂಕಟವನ್ನು ಎಂಟು ವರ್ಷದ ಮಗುವಿನ ಬಾಯಲ್ಲಿ ಹೇಳಿಸಿದಂತಾಗುತ್ತದೆ. ಇಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಭೇಟಿಯ ನಂತರ. ಹದಿನೈದು ದಿನದೊಳಗೆ ಅಲ್ಲಿ ಕಂಡದ್ದು ತರಗತಿಯಲ್ಲಿ ಏನೋ ಒಂದಾಗಿ ಕಾಣಿಸಬೇಕು. ತಂದೆ ಬಡಗಿಯಾಗಿದ್ದರೆ ಅಳತೆಪಟ್ಟಿ ಮತ್ತು ಮರದ ತುಂಡು, ಅಜ್ಜಿ ಜೋಗುಳ ಹಾಡುವವರಾದರೆ ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ಹಿಡಿದ ದನಿ ಮಧ್ಯಾಹ್ನದ ನಿದ್ದೆಗೆ. ಏನೂ ಕಾಣದಿದ್ದರೆ ಮನೆಯವರಿಗೆ ಅದು ತಪಾಸಣೆಯಾಗಿಯೇ ಉಳಿಯುತ್ತದೆ.

ಮೀಟಿಂಗಿಗೆ ಬಾರದವರಿಗೆ ಕಾಳಜಿಯಿಲ್ಲ ಎನ್ನುವ ತೀರ್ಮಾನ ಅನ್ಯಾಯ. ಕೂಲಿ ತಪ್ಪುತ್ತದೆ, ಕೂಸನ್ನು ನೋಡಿಕೊಳ್ಳುವವರಿಲ್ಲ, ಚೀಟಿ ಓದಲು ಬರುವುದಿಲ್ಲ. ಟೀಚರ್ ಕೆಲಸದಲ್ಲಿ ತಲೆಹಾಕುವುದು ಅಗೌರವ ಎಂದು ನಂಬಿ ದೂರ ಉಳಿಯುವ ಮನೆಗಳೂ ಇವೆ. ಚೀಟಿಯ ಬದಲು ವಾಯ್ಸ್ ಮೆಸೇಜ್ ಕಳಿಸಿ, ಭೇಟಿಗೆ ಬೆಳಿಗ್ಗೆ-ಸಂಜೆ ಎರಡು ಹೊತ್ತು ಕೊಡಿ. ಮೊದಲ ಫೋನ್ ಮಾತ್ರ ಯಾವತ್ತೂ ದೂರಿನದಾಗಿರಬಾರದು. "ಮಗು ಚೆನ್ನಾಗಿದೆ" ಅನ್ನುವುದೂ ಸಾಲದು, "ಇವತ್ತು ಬಿದ್ದ ಹುಡುಗಿಗೆ ಚಪ್ಪಲಿ ತಂದುಕೊಟ್ಟ" ಎಂದು ಹೇಳಿ.

ಒಪ್ಪದ ಸಂದರ್ಭ ಬಂದೇ ಬರುತ್ತದೆ. ಮೂರು ವರ್ಷಕ್ಕೇ ಅಕ್ಷರ ಬರೆಸಿ ಎನ್ನುವ ತಾಯಿಗೆ "ಈ ವಯಸ್ಸಿಗೆ ಆಟವೇ ಪಾಠ" ಎಂದು ಹೇಳಿ ಮುಗಿಸಿದರೆ ಆಕೆ ಟ್ಯೂಷನ್ ಹುಡುಕುತ್ತಾರೆ. ದೊಡ್ಡ ಶಾಲೆಗೆ ಹೋದಾಗ ಮಗು ಹಿಂದೆ ಬೀಳಬಹುದೆಂಬ ಭಯ ಅದು. ಜೇಡಿಮಣ್ಣು ಹಿಸುಕುವುದರಿಂದ, ಮಣಿ ಪೋಣಿಸುವುದರಿಂದ ಪೆನ್ಸಿಲ್ ಹಿಡಿಯುವ ಬೆರಳಿಗೆ ಬಲ ಬರುವುದನ್ನು ಪಕ್ಕದಲ್ಲಿ ಕೂರಿಸಿ ತೋರಿಸಿ. ಹೊಡೆಯುವುದು, ಅವಮಾನಿಸುವುದು ಇಂಥವುಗಳಲ್ಲಿ ಮಾತ್ರ ರಾಜಿಯಿಲ್ಲ. ಸಂಸ್ಕೃತಿಯ ಹೆಸರಿನಲ್ಲೂ ಇಲ್ಲ.

ಒಂದೇ ಭಾಷೆಯ ಎರಡು ಮನೆ ಒಂದೇ ಥರ ಇರುವುದಿಲ್ಲ, ಒಂದೇ ಮನೆಯೂ ವರ್ಷವಿಡೀ ಒಂದೇ ಥರ ಇರುವುದಿಲ್ಲ. ಕೂಸು ಹುಟ್ಟುತ್ತದೆ, ಅಜ್ಜ ತೀರಿಕೊಳ್ಳುತ್ತಾರೆ, ಮನೆ ಬದಲಾಗುತ್ತದೆ. ಹಾಗಾಗಿ ಪ್ರತಿ ಮಗುವಿಗೂ ಮನೆಯವರು ಹೇಳಿದ್ದನ್ನು ಬರೆದ ಒಂದು ಹಾಳೆ ಇಟ್ಟು ಮೂರು ತಿಂಗಳಿಗೊಮ್ಮೆ ಮತ್ತೆ ಕೇಳಿ ತಿದ್ದಿ. ವರ್ಷದ ಕೊನೆಗೆ ಮುಂದಿನ ಟೀಚರಿಗೆ ಕೊಡುವ ಮುಂಚೆ ಮನೆಯವರಿಗೆ ಪೂರ್ತಿ ಓದಿ ಹೇಳಿ, ಅವರು ಬೇಡವೆಂದ ಸಾಲುಗಳನ್ನು ಅವರೆದುರೇ ಹೊಡೆದುಹಾಕಿ.