ಅಗಸೆ ಎಣ್ಣೆಯ ನೆಲಹಾಸು, ಶಹಾಬಾದ್ ಕಲ್ಲು
ಟೈಲ್ಸ್‌ಗೆ ಪರ್ಯಾಯವಾಗಿ ಬಿದಿರು, ಕಾರ್ಕ್, ಲಿನೋಲಿಯಂ ನೆಲಹಾಸುಗಳನ್ನು ಪರಿಚಯಿಸಿರುವ ಲೇಖನವೊಂದನ್ನು ಓದಿದೆ; ಅದು ಸಕಾಲಿಕವಾಗಿದೆ. ಆದರೆ ಲಿನೋಲಿಯಂ ಎಂದರೆ ಅಂಗಡಿಗಳಲ್ಲಿ ಸುರುಳಿ ಸುತ್ತಿಟ್ಟು ಮಾರುವ ಪ್ಲಾಸ್ಟಿಕ್ ಹಾಸಲ್ಲ ಎಂಬುದನ್ನು ಒತ್ತಿ ಹೇಳಬೇಕಿತ್ತು. ನಮ್ಮ ರಾಯಚೂರು ಸೀಮೆಯಲ್ಲಿ ಹುರಿದು ಕುಟ್ಟಿ ಚಟ್ನಿಪುಡಿ ಮಾಡುವ ಅದೇ ಅಗಸೆಯ ಎಣ್ಣೆಗೆ ಕಾರ್ಕ್ ಪುಡಿ, ಮರದ ಹುಡಿ ಬೆರೆಸಿ, ಸೆಣಬಿನ ಬಟ್ಟೆಯ ಮೇಲೆ ಒತ್ತಿ ಅದನ್ನು ತಯಾರಿಸುತ್ತಾರೆ. ಕಾರ್ಕ್ ಸಹ ಮರ ಕಡಿಯದೆ ಸುಮಾರು 9 ವರ್ಷಕ್ಕೊಮ್ಮೆ ತೊಗಟೆ ಸುಲಿದು ಪಡೆಯುವ ವಸ್ತುವೇ, ಆದರೂ ಪೋರ್ಚುಗಲ್‌ನಂಥ ದೂರದ ನಾಡಿನಿಂದ ಬರಬೇಕು. ಆದ್ದರಿಂದ ಕಾರ್ಕ್‌ಗಿಂತಲೂ, 1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ ಬೇಯುವ ವಿಟ್ರಿಫೈಡ್ ಟೈಲ್ಸ್‌ಗಿಂತಲೂ, ಸುಡುವ ಅಗತ್ಯವೇ ಇಲ್ಲದೆ ಹತ್ತಿರದ ಕಲಬುರಗಿ ಜಿಲ್ಲೆಯಲ್ಲೇ ಸಿಗುವ ಶಹಾಬಾದ್ ಕಲ್ಲು ನಮಗೆ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಪಡಸಾಲೆಯ ಕಲ್ಲುಹಾಸು ಓಡಾಡಿ ಓಡಾಡಿ ನುಣುಪಾಗಿದ್ದು, ಮೇ ತಿಂಗಳ ಮಧ್ಯಾಹ್ನವೂ ಚಾಪೆಯಿಲ್ಲದೆ ಮಲಗುವಷ್ಟು ತಂಪಾಗಿರುತ್ತದೆ.