ಅಂಜಿ ಮನೆ ಸೇರಿದ ಮಗುವಿಗೆ ಅರ್ಧ ದಿನದ ಶಾಲೆ: ಪರ–ವಿರೋಧ

ಅಂಜಿಕೆಯಿಂದ ಶಾಲೆ ಬಿಟ್ಟು ಮನೆ ಸೇರಿದ ಮಗುವನ್ನು ಮರಳಿ ಕರೆತರುವಾಗ ಶಾಲೆಯೇ ಮುಂದಾಗಿ ಹಾಜರಾತಿ ಸಡಿಲಿಸಬೇಕೇ? ಮೊದಲು ಒಂದು ತಾಸು, ಆಮೇಲೆ ಎರಡು ತಾಸು, ಆಮೇಲೆ ಅರ್ಧ ದಿನ ಎಂದು ಬರಹದಲ್ಲಿ ಒಪ್ಪಿಕೊಂಡು ನಡೆಯಬೇಕೇ? ಬಾಗಲಕೋಟೆ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು ಇದರ ಪರವಾಗಿ, ವಿಜಯಪುರ ಜಿಲ್ಲೆಯ ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ವಿರೋಧವಾಗಿ ಬರೆದಿದ್ದಾರೆ.

ಪರ: ಒಂದು ತಾಸಾದರೂ ಬರಲಿ, ಅದನ್ನು ಬರೆದುಕೊಳ್ಳೋಣ

ಬೆಳಿಗ್ಗೆ ಎಂಟಕ್ಕೆ ಹೊಟ್ಟೆನೋವು. ಒಂಬತ್ತಕ್ಕೆ ವಾಂತಿ. ಪ್ರಾರ್ಥನೆಯ ಗಂಟೆ ಬಾರಿಸಿ, ಇವತ್ತು ಇನ್ನು ಕಳಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ ನೋವು ತಾನಾಗಿ ಇಳಿಯುತ್ತದೆ. ರವಿವಾರ ಮಗು ಚೆನ್ನಾಗಿರುತ್ತದೆ, ಸೋಮವಾರ ಮತ್ತೆ ಅದೇ ಗೋಳು. ಇದನ್ನು ಕಂಡ ಮನೆಯವರು ‘ನಾಟಕ ಮಾಡ್ತಾನ’ ಅನ್ನುತ್ತಾರೆ. ನಮ್ಮ ಶಿಕ್ಷಕರ ಕೋಣೆಯಲ್ಲೂ ಅದೇ ಮಾತು. ಆದರೆ ನೋವು ಸುಳ್ಳಲ್ಲ. ಅಂಜಿದಾಗ ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ. ಮೊದಲ ಸಲ ಕೋರ್ಟಿನ ಮೆಟ್ಟಿಲೇರಿದ ದೊಡ್ಡವರಿಗೂ ಆಗುವುದು ಇದೇ. ಈ ಮಗುವಿಗೆ ದಿನಾ ಬೆಳಿಗ್ಗೆ ಆಗುತ್ತಿದೆ.

ಚಕ್ಕರ್ ಹೊಡೆಯುವ ಹುಡುಗನ ಲೆಕ್ಕವೇ ಬೇರೆ. ಅವನು ಚೀಲ ಹಾಕಿಕೊಂಡೇ ಮನೆ ಬಿಡುತ್ತಾನೆ, ಕಾಲುವೆಯಲ್ಲಿ ಈಜಿ ಸಂಜೆ ಮರಳುತ್ತಾನೆ, ಮನೆಯವರಿಗೆ ಸುಳಿವೂ ಇರುವುದಿಲ್ಲ. ಅಂಜಿದ ಮಗು ಇರುವುದು ಮನೆಯಲ್ಲೇ, ಅವ್ವನ ಕಣ್ಣೆದುರೇ. ಪುಸ್ತಕ ಕೊಟ್ಟರೆ ಓದುತ್ತದೆ, ಲೆಕ್ಕ ಮಾಡುತ್ತದೆ. ಎಷ್ಟೋ ಸಲ ಅದು ತರಗತಿಯ ಜಾಣ ಮಗುವೇ ಆಗಿರುತ್ತದೆ. ಹಾಜರಿ ಪುಸ್ತಕದಲ್ಲಿ ಮಾತ್ರ ಇಬ್ಬರ ಮುಂದೂ ಒಂದೇ ಗುರುತು. ಬೇರೆ ಮಾಡಿ ನೋಡಬೇಕಾದರೆ ಮನೆಗೆ ಹೋಗಬೇಕು.

ಹೋದಾಗ ಮೊದಲು ತಿಳಿಯಬೇಕಾದ್ದು ಅಂಜಿಕೆ ಯಾತರದ್ದು ಎಂಬುದು. ಕಬ್ಬಿನ ಹಂಗಾಮಿನಲ್ಲಿ ಅಪ್ಪ ಅವ್ವ ಕಟಾವಿಗೆ ಹೋಗುತ್ತಾರೆ, ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ. ತಾನು ಶಾಲೆಯಲ್ಲಿದ್ದಾಗ ಅಜ್ಜಿಗೂ ಏನಾದರೂ ಆದರೆ ಎಂಬ ಭಯ ಅದಕ್ಕೆ. ಶಾಲೆಯ ಮೇಲೆ ಅದಕ್ಕೇನೂ ಸಿಟ್ಟಿಲ್ಲ. ಬೆಳಗಾವಿಯಲ್ಲಿ ಮನೆಯೊಳಗೆ ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದಾದ ಮಗುವಿಗೆ ‘ಎದ್ದು ನಿಂತು ಓದು’ ಅಂದರೆ ನಾಲಗೆ ಒಣಗುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ಪರಿಹಾರ ಕೇಂದ್ರಗಳಲ್ಲಿ ಮಲಗೆದ್ದ ಮಕ್ಕಳಲ್ಲಿ ಮೋಡ ಕವಿದರೆ ಅವ್ವನ ಸೆರಗು ಬಿಡದವರಿದ್ದರು. ಶೌಚಾಲಯಕ್ಕೆ ಬಾಗಿಲಿಲ್ಲದ್ದಕ್ಕೆ ಬರಲೊಲ್ಲೆ ಅನ್ನುವ ಹುಡುಗಿಯರಿದ್ದಾರೆ. ಅವರಿಗೆ ಬೇಕಾದ್ದು ಸಮಾಧಾನವಲ್ಲ, ಬಾಗಿಲು. ಯಾರಾದರೂ ಮಗುವಿನ ಮೈ ಮುಟ್ಟಿದ್ದಾರೆ ಎಂಬ ಸುಳಿವು ಸಿಕ್ಕರಂತೂ ಅಲ್ಲಿಗೆ ಉಳಿದ ಚರ್ಚೆ ಮುಗಿಯಿತು. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ನಮ್ಮ ಕಡ್ಡಾಯ ಕರ್ತವ್ಯ. ಹೊಟ್ಟೆನೋವನ್ನೂ ಒಮ್ಮೆ ವೈದ್ಯರಿಂದ ನೋಡಿಸಲೇಬೇಕು. ಮೂತ್ರದ ಸೋಂಕನ್ನು ಅಂಜಿಕೆ ಅಂದುಕೊಂಡು ಕೂತರೆ ಅದು ದ್ರೋಹ.

ಇಷ್ಟೆಲ್ಲ ಆದ ಮೇಲೂ ಅಂಜಿಕೆಯೇ ಉಳಿದರೆ, ಮೆಲ್ಲಗೆ ತರುವುದು ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ. ಹೆದರಿದ್ದನ್ನು ತುಸುತುಸುವೇ ಎದುರಿಸುತ್ತ ಹೋದರೆ ಹೆದರಿಕೆ ಕಡಿಮೆಯಾಗುತ್ತದೆ ಎಂಬುದು ಮಕ್ಕಳ ಮನೋವೈದ್ಯರು ಆತಂಕಕ್ಕೆ ಬಳಸುವ ಚಿಕಿತ್ಸೆಯ ತಿರುಳು. ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲೇ ಶಾಲೆಗಳು ಎಡವುತ್ತವೆ. ಮಗುವನ್ನು ಹೊತ್ತು ತಂದು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸುತ್ತಾರೆ. ಇಡೀ ದಿನದಲ್ಲಿ ಅಂಜಿದ ಮಗುವಿಗೆ ಅತಿ ಕಷ್ಟದ ಹೊತ್ತು ಅದೇ: ಎಲ್ಲರೂ ತಿರುಗಿ ನೋಡುತ್ತಾರೆ, ‘ಏ, ಬಂದಾ ನೋಡ್ರಿ’ ಅನ್ನುತ್ತಾರೆ. ಶುರು ಆಗಬೇಕಾದ್ದು ಮಧ್ಯಾಹ್ನ. ಬಿಸಿಯೂಟದ ಹೊತ್ತಿಗೆ ಬರಲಿ. ಆಗ ಮಕ್ಕಳ ಗಮನ ತಟ್ಟೆಯ ಮೇಲಿರುತ್ತದೆ, ಯಾರೂ ಯಾರನ್ನೂ ಪ್ರಶ್ನೆ ಕೇಳುವುದಿಲ್ಲ. ನಮ್ಮಲ್ಲಿ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಹಾಗೆ ಬಂದಳು. ಮೊದಮೊದಲು ಅಡುಗೆಮನೆಯ ಕಟ್ಟೆಯ ಮೇಲೆ ಅಡುಗೆ ಮಾಡುವ ಅಕ್ಕನ ಪಕ್ಕ ಕೂತು ಉಂಡು ಹೋಗುತ್ತಿದ್ದಳು. ಆಮೇಲೆ ಊಟದ ನಂತರದ ಕನ್ನಡ ಪಾಠಕ್ಕೆ ಉಳಿದಳು. ಅಜ್ಜಿ ಗೇಟಿನ ಹೊರಗಿನ ಬೇವಿನ ಗಿಡದ ಕೆಳಗೆ ಕೂರುತ್ತಿದ್ದಳು. ಕೂರುವ ಜಾಗ ಕ್ರಮೇಣ ದೂರ ಹೋಯಿತು. ಬೆಳಗಿನ ಪ್ರಾರ್ಥನೆಗೆ ನಿಂತದ್ದು ಎಲ್ಲಕ್ಕಿಂತ ಕೊನೆಗೆ. ಅಷ್ಟೂ ದಿನ ಅವಳನ್ನು ‘ಯಾಕ ಬಂದಿದ್ದಿಲ್ಲ’ ಎಂದು ಯಾರೂ ಕೇಳಕೂಡದು ಎಂದು ತರಗತಿಗೆ ಮೊದಲೇ ಹೇಳಿದ್ದೆವು.

ಈ ಎಲ್ಲ ದಿನಗಳಲ್ಲೂ ಅವಳು ದಾಖಲೆಯಲ್ಲಿ ಗೈರು. ಇಲಾಖೆ ಮಕ್ಕಳ ವಿವರ ಇಡುವ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ನಲ್ಲಿ ಒಂದು ತಾಸು ಬಂದವಳಿಗೆ ಬೇರೆ ಅಂಕಣವಿಲ್ಲ. ಗೈರು ಹೆಚ್ಚಾದರೆ ಸುತ್ತಲ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳುತ್ತಾರೆ, ಮನೆಗೆ ನೋಟಿಸು ಹೋಗುತ್ತದೆ, ನೋಟಿಸು ಕಂಡ ಅಪ್ಪ ಮಗುವಿಗೆ ಎರಡು ಬಿಡುತ್ತಾನೆ. ತಿಂಗಳುಗಟ್ಟಲೆ ಮಾಡಿದ ಕೆಲಸ ಒಂದೇ ಸಂಜೆ ಮಣ್ಣುಪಾಲು. ಅದಕ್ಕೇ ನಾನು ಬರಹ ಬೇಕು ಅನ್ನುತ್ತಿರುವುದು. ಮುಖ್ಯಗುರುಗಳು, ತರಗತಿ ಶಿಕ್ಷಕರು, ತಾಯಿ ಅಥವಾ ಅಜ್ಜಿ ಕೂತು ಒಂದು ಹಾಳೆಯಲ್ಲಿ ಬರೆಯಲಿ: ಈ ವಾರ ಎಷ್ಟು ಹೊತ್ತು, ಯಾರ ಹತ್ತಿರ ಕೂರುತ್ತದೆ, ಮುಂದಿನ ವಾರ ಎಷ್ಟು. ಶಾಲಾಭಿವೃದ್ಧಿ ಸಮಿತಿಗೆ (ಎಸ್‌ಡಿಎಂಸಿ) ಅದು ಗೊತ್ತಿರಲಿ. ಆ ಹಾಳೆಯಂತೆ ಬಂದ ದಿನ ಹಾಜರಿ ಎಂದೇ ಲೆಕ್ಕವಾಗಲಿ.

ಇದು ಕಾನೂನಿಗೆ ಹೊರತಾದ ಬೇಡಿಕೆಯೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು, ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತವಾಗಿಸುವುದು ಪಠ್ಯಕ್ರಮದ ಕೆಲಸ ಎಂದೇ ಹೇಳುತ್ತದೆ. 17ನೇ ಕಲಮು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಇನ್ನು ಅರ್ಧ ದಿನದ ಮಾತು. ಕೊರೊನಾ ಕಾಲದಲ್ಲಿ 2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆಗ ಮೊದಲ ವಾರ ಅರ್ಧ ದಿನವೇ ತರಗತಿ ನಡೆಯಿತು. ಅಷ್ಟು ದಿನ ಮನೆಯಲ್ಲಿದ್ದ ಮಕ್ಕಳನ್ನು ಒಮ್ಮೆಲೇ ಇಡೀ ದಿನ ಕೂರಿಸಬಾರದು ಎಂಬ ತಿಳಿವಳಿಕೆ ಆಗ ಎಲ್ಲರಿಗೂ ಇತ್ತು. ರಾಜ್ಯದ ಎಲ್ಲ ಮಕ್ಕಳಿಗೆ ಸಲ್ಲಿಸಿದ ಆ ಸೌಜನ್ಯ ಒಂದೇ ಒಂದು ಮಗುವಿಗೆ ಬೇಕಾದಾಗ ಯಾಕೆ ಸಲ್ಲಬಾರದು?

ವಿರೋಧ: ರಿಯಾಯಿತಿ ಬೇಕು, ಆದರೆ ಗೇಟಿನ ಒಳಗೆ

ಹೊಟ್ಟೆನೋವು ನಿಜ, ಹೊಡೆಯಬಾರದು, ಕಾರಣ ಹುಡುಕಬೇಕು. ಇವುಗಳಲ್ಲಿ ನನಗೂ ಆ ಶಿಕ್ಷಕರಿಗೂ ಜಗಳವಿಲ್ಲ. ನನ್ನ ತಕರಾರು ಹೊತ್ತಿನ ಬಗ್ಗೆ ಮಾತ್ರ, ಮತ್ತು ಆ ತಕರಾರು ಸಣ್ಣದಲ್ಲ.

ಪ್ರಾಥಮಿಕ ಶಾಲೆ ಊರಲ್ಲೇ ಇರುತ್ತದೆ. ಅಜ್ಜಿ ಬೇವಿನ ಗಿಡದ ಕೆಳಗೆ ಕೂರಬಹುದು. ಎಂಟನೆಯ ತರಗತಿಗೆ ನಮ್ಮ ಎಷ್ಟೋ ಮಕ್ಕಳು ಬೇರೆ ಊರಿಗೆ ಬರುತ್ತಾರೆ. ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಮಧ್ಯಾಹ್ನ ಒಂದಕ್ಕೆ ‘ನಿನ್ನ ಹೊತ್ತು ಮುಗೀತು, ಹೋಗವ್ವಾ’ ಎಂದು ಹದಿನಾಲ್ಕರ ಹುಡುಗಿಯನ್ನು ಬಿಟ್ಟರೆ ಅವಳು ಐದರ ತನಕ ಬಸ್‌ ಸ್ಟ್ಯಾಂಡಿನಲ್ಲಿ ಕೂರಬೇಕು. ಶಾಲೆಗಿಂತ ಆ ಜಾಗಕ್ಕೆ ಅಂಜಬೇಕಾದ್ದು ಹೆಚ್ಚು.

ಬಸ್ಸಿನ ಮಾತು ಬಿಡಿ, ಮನೆಯ ಮಾತಿಗೆ ಬರೋಣ. ಹುಡುಗಿಯನ್ನು ಶಾಲೆ ಬಿಡಿಸಲು ನಮ್ಮ ಕಡೆ ಕಾರಣಕ್ಕೆ ಬರವಿಲ್ಲ. ತಮ್ಮನನ್ನು ನೋಡಿಕೊಳ್ಳಬೇಕು, ದ್ರಾಕ್ಷಿ ತೋಟದಲ್ಲಿ ಕೂಲಿ ಇದೆ, ರಬಕವಿ-ಬನಹಟ್ಟಿ ಕಡೆಯಾದರೆ ಮಗ್ಗದ ಕೆಲಸ ಇದೆ. ಒಳ್ಳೆಯ ಗಂಡು ಬಂದಿದೆ ಎಂಬ ಮಾತು ಹದಿನೆಂಟು ತುಂಬುವ ಮೊದಲೇ ಎದ್ದೇಳುತ್ತದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ಬಾಲ್ಯವಿವಾಹ ನಿಂತಿಲ್ಲ. ಇಂಥ ಮನೆಗೆ ಶಾಲೆಯೇ ಸಹಿ ಹಾಕಿದ ಹಾಳೆ ಹೋಗುತ್ತದೆ: ನಿಮ್ಮ ಮಗಳು ಅರ್ಧ ದಿನ ಬಂದರೆ ಸಾಕು. ಬರೆದವರ ಮನಸ್ಸಿನಲ್ಲಿ ಅದು ಮರಳುವ ದಾರಿ. ಓದಿದವರಿಗೆ ಅದು ಬಿಡುವ ದಾರಿ. ಉಳಿದರ್ಧ ದಿನ ಅವಳು ಕೆಲಸಕ್ಕೆ ಸಿಕ್ಕಳು, ಮುಂದಿನ ವರ್ಷ ಪೂರ್ತಿ ದಿನವೂ ಸಿಕ್ಕಳು. ಎಸ್‌ಎಸ್‌ಎಲ್‌ಸಿಗೆ ಶೇ 75 ಹಾಜರಾತಿ ಬೇಕು ಎಂಬ ನಿಯಮವನ್ನು ಕ್ರೂರ ಅನ್ನುವವರಿದ್ದಾರೆ. ಕೆಲವು ಮನೆಗಳ ಬಾಗಿಲಲ್ಲಿ ನಿಂತು ವಾದ ಮಾಡುವಾಗ ನನ್ನ ಕೈಯಲ್ಲಿದ್ದ ಒಂದೇ ಹಿಡಿತ ಅದು.

ಅಂಜಿಕೆಗೆ ಒಂದು ಗುಣವಿದೆ. ಮನೆಯಲ್ಲಿ ಉಳಿದ ಕೂಡಲೇ ಸಿಗುವ ಹಾಯಿ ಮಗುವಿಗೆ ‘ಹೋಗದೆ ಇದ್ದದ್ದೇ ಸರಿಯಾಯಿತು’ ಎಂದು ಕಲಿಸುತ್ತದೆ. ಮರುದಿನ ಹೊರಡುವುದು ಇನ್ನಷ್ಟು ಕಷ್ಟ. ಅಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ, ಗೆಳತಿಯರು ಬೇರೆ ಜೋಡಿ ಮಾಡಿಕೊಂಡಿರುತ್ತಾರೆ; ಮೊದಲಿಲ್ಲದ ಎರಡು ಅಂಜಿಕೆ ಹುಟ್ಟಿಕೊಳ್ಳುತ್ತವೆ. ಮೆಲ್ಲಗೆ ತರುವ ಚಿಕಿತ್ಸೆ ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಅದರ ಜೀವ ಇರುವುದು ಮುಂದಿನ ಮೆಟ್ಟಿಲನ್ನು ಯಾವಾಗ ಹತ್ತಿಸಬೇಕು ಎಂದು ತಿಳಿದವರ ಕೈಯಲ್ಲಿ. ಅವರು ನಮ್ಮ ಶಾಲೆಯಲ್ಲಿ ಯಾರು? ಗಣಿತ ಹೇಳುವ ನಾನೇ ವಿಜ್ಞಾನಕ್ಕೂ ನಿಲ್ಲುತ್ತೇನೆ, ಅತಿಥಿ ಶಿಕ್ಷಕರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರನ್ನು ಕಾಣಬಹುದು. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನು ಮಾಡಬಹುದು, ಹಲವು ತಾಯಂದಿರಿಗೆ ನಾನೇ ಹಚ್ಚಿಕೊಟ್ಟಿದ್ದೇನೆ. ಅದರಾಚೆ ಅಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಬೆಳಗಾವಿಯವರಿಗೆ ಅದು ಹತ್ತಿರ. ನಮ್ಮ ಇಂಡಿಯ ತಾಯಿಗೆ ಎರಡು ದಿನದ ಕೂಲಿ ಹೋಯಿತು. ವಾರವಾರ ಕೂತು ಹಾಳೆ ನೋಡುವವರಿಲ್ಲದ ಕಡೆ ಅರ್ಧ ದಿನ ಅರ್ಧ ದಿನವಾಗಿಯೇ ನಿಲ್ಲುತ್ತದೆ.

ನನ್ನ ಸಿಟ್ಟಿಗೆ ಇನ್ನೂ ದೊಡ್ಡ ಕಾರಣವಿದೆ. ಅರ್ಧ ದಿನ ಕೊಟ್ಟರೆ ಶಾಲೆ ಏನನ್ನೂ ಬದಲಿಸಬೇಕಾಗಿಲ್ಲ. ಘಟಕ ಪರೀಕ್ಷೆಯ ಅಂಕಗಳನ್ನು ಜೋರಾಗಿ ಓದುವ ಮಾಸ್ತರು ಓದುತ್ತಲೇ ಇರುತ್ತಾರೆ. ಉತ್ತರ ಬಾರದವರನ್ನು ನಿಲ್ಲಿಸುವುದು ನಡೆದೇ ಇರುತ್ತದೆ. ಅಂಜಿದ ಮಗು ಮಾತ್ರ ಆ ಹೊತ್ತಿಗೆ ಅಲ್ಲಿರುವುದಿಲ್ಲ, ಅಷ್ಟೇ. ಉಳಿದ ನಲವತ್ತು ಮಕ್ಕಳು ಅಂಜುತ್ತಲೇ ಕೂತಿರುತ್ತಾರೆ, ಅವರದ್ದು ವಾಂತಿಯಾಗಿ ಹೊರಬಂದಿಲ್ಲ.

ಆದ್ದರಿಂದ ಪೂರ್ತಿ ದಿನ ಶಾಲೆಯಲ್ಲಿರಲಿ, ಬೇಕಾದ ಸಡಿಲಿಕೆ ಒಳಗೆ ಸಿಗಲಿ. ಪ್ರಾರ್ಥನೆಗೆ ನಿಲ್ಲುವುದು ಬೇಡ; ಆ ಹೊತ್ತು ಗ್ರಂಥಾಲಯದ ಕಪಾಟು ಜೋಡಿಸಲಿ. ಗೇಟಿನ ಹತ್ತಿರ ದಿನಾ ಒಬ್ಬರೇ ಶಿಕ್ಷಕಿ ಕಾಯಲಿ, ಅವರೇ ಒಳಗೆ ಕರೆದೊಯ್ಯಲಿ. ಬಾಗಿಲ ಪಕ್ಕದ ಬೆಂಚು ಅವಳಿಗಿರಲಿ, ಉಸಿರು ಕಟ್ಟಿದಂತಾದರೆ ಕೇಳದೆ ಎದ್ದು ಶಿಕ್ಷಕರ ಕೋಣೆಗೆ ಬಂದು ಕೂರುವ ಹಕ್ಕಿರಲಿ. ಗಟ್ಟಿಯಾಗಿ ಓದಿಸುವುದು ಬೇಡ, ಬರೆದು ತೋರಿಸಲಿ. ಇಡೀ ದಿನ ಅವಳು ಒಂದೇ ಪಾಠ ಕೇಳಿದರೂ ನನಗೆ ಚಿಂತೆಯಿಲ್ಲ. ಸಂಜೆಯ ಬಸ್ಸಿಗೆ ಗೆಳತಿಯರ ಜೊತೆ ಹತ್ತಿದಳಲ್ಲ, ನಾಳೆ ಬೆಳಗಿನ ಬಸ್ಸಿಗೂ ಅವರು ಅವಳಿಗೆ ಸೀಟು ಹಿಡಿಯುತ್ತಾರೆ. ಈ ವ್ಯವಸ್ಥೆಗೆ ಎಸ್‌ಎಟಿಎಸ್‌ನಲ್ಲಿ ಹೊಸ ಅಂಕಣವೂ ಬೇಡ.

ವಿಜಯಪುರದ ವಸತಿ ಕೋಚಿಂಗ್ ಕೇಂದ್ರಗಳ ಮಕ್ಕಳನ್ನು ನಾನು ಈ ಚರ್ಚೆಯಿಂದ ಹೊರಗಿಡುತ್ತೇನೆ. ನವೋದಯ, ಸೈನಿಕ ಶಾಲೆ, ಮೊರಾರ್ಜಿ ಪ್ರವೇಶ ಪರೀಕ್ಷೆಗೆಂದು ಒಂಬತ್ತು ಹತ್ತರ ವಯಸ್ಸಿನವರನ್ನು ಮನೆ ಬಿಡಿಸಿ ಅಲ್ಲಿಟ್ಟಾಗ ಅವರು ರಾತ್ರಿ ಅಳುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಕಾಯಿಲೆಯಲ್ಲ. ಅವರಿಗೆ ಅರ್ಧ ದಿನವೂ ಬೇಡ, ಪೂರ್ತಿ ದಿನವೂ ಬೇಡ. ಊರಿಗೆ ಕರೆದುಕೊಂಡು ಬನ್ನಿ.

ಉಳಿದವರ ವಿಷಯದಲ್ಲಿ ನನ್ನ ಬೇಡಿಕೆ ಇಷ್ಟೇ. ರಿಯಾಯಿತಿಯ ಸುತ್ತೋಲೆ ಹೊರಡುವ ಮೊದಲು ತಾಲ್ಲೂಕಿಗೆ ಒಬ್ಬರಾದರೂ ತರಬೇತಾದ ಆಪ್ತ ಸಮಾಲೋಚಕರು ಬರಲಿ. ಅವರು ಮಗುವನ್ನು ಕಂಡು, ಮನೆಯನ್ನೂ ಕಂಡು, ‘ಈ ಮಗುವಿಗೆ ಈ ಎರಡು ವಾರ ಮಧ್ಯಾಹ್ನದ ತನಕ ಸಾಕು, ಮೂರನೆಯ ವಾರ ನಾನೇ ಬಂದು ನೋಡುತ್ತೇನೆ’ ಎಂದು ಬರೆದರೆ ಆ ಹಾಳೆಯ ಕೆಳಗೆ ನಾನೂ ಸಹಿ ಹಾಕುತ್ತೇನೆ. ಅಲ್ಲಿಯವರೆಗೆ ಹೊತ್ತು ಕಡಿಮೆ ಮಾಡುವ ಅಧಿಕಾರವನ್ನು ಮುಖ್ಯಗುರುಗಳ ಕೈಗೆ ಕೊಡಬೇಡಿ.